ಸಹಾಯ ಬೇಕು: ಬೇರೆ ಬೇರೆ ಆವೃತ್ತಿಯ ಎರಡು ಮೇನ್‌ಫ್ರೇಮ್ ವ್ಯವಸ್ಥೆಗಳಿಗೆ ಒಂದೇ ಟೇಪ್ ಕಾನ್ಫಿಗರೇಶನ್

ಮಾನ್ಯರೇ,

ಮೈಸೂರಿನ ಹೆಬ್ಬಾಳ ಕೈಗಾರಿಕಾ ಪ್ರದೇಶದ ಡೇಟಾ ಸೆಂಟರ್ ಒಂದರಲ್ಲಿ ನಾನು ಸಿಸ್ಟಮ್ ಪ್ರೋಗ್ರಾಮರ್ ಆಗಿದ್ದೇನೆ. ನಮ್ಮ ಎರಡು ಎಲ್‌ಪಾರ್‌ಗಳಲ್ಲಿ (ಮೇನ್‌ಫ್ರೇಮ್‌ನ ತಾರ್ಕಿಕ ವಿಭಾಗಗಳಲ್ಲಿ) ಐಬಿಎಂನ ಮೇನ್‌ಫ್ರೇಮ್ ಕಾರ್ಯಾಚರಣಾ ವ್ಯವಸ್ಥೆಯಾದ ಝಡ್/ಓಎಸ್‌ನ 2.3 ಮತ್ತು 2.5 ಆವೃತ್ತಿಗಳು ನಡೆಯುತ್ತಿದ್ದು, ಸಾಧನಗಳನ್ನು ವ್ಯಾಖ್ಯಾನಿಸುವ ಎಚ್‌ಸಿಡಿ ಉಪಕರಣದಲ್ಲಿ 3590 ಮಾದರಿ ಎಂದೇ ನಮೂದಿಸಬೇಕಾದ 3592 ಟೇಪ್ ಡ್ರೈವ್‌ಗಳನ್ನು ಅವೆರಡೂ ಹಂಚಿಕೊಳ್ಳುತ್ತವೆ. ಅವು ಒಂದೇ ಸಿಸ್‌ಪ್ಲೆಕ್ಸ್‌ಗೆ (ಒಟ್ಟಾಗಿ ಕೆಲಸ ಮಾಡುವ ಝಡ್/ಓಎಸ್ ವ್ಯವಸ್ಥೆಗಳ ಗುಂಪಿಗೆ) ಸೇರಿಲ್ಲದ ಕಾರಣ, ಡ್ರೈವನ್ನು ತಾನಾಗಿಯೇ ಒಂದರಿಂದ ಇನ್ನೊಂದಕ್ಕೆ ಬದಲಿಸುವ ಆಟೋಸ್ವಿಚ್ ಸೌಲಭ್ಯ ಅವುಗಳ ನಡುವೆ ಒದಗುವುದಿಲ್ಲ. ಹೀಗಾಗಿ ರಾತ್ರಿ ಪಾಳಿಯ ಆಪರೇಟರ್ ಒಂದು ಕನ್ಸೋಲ್‌ನಲ್ಲಿ ಡ್ರೈವನ್ನು ವೇರಿ ಆದೇಶದಿಂದ ಆಫ್‌ಲೈನ್ ಮಾಡಿ, ಅದು ಬಿಡುಗಡೆಯಾದುದನ್ನು ಖಚಿತಪಡಿಸಿಕೊಂಡ ಬಳಿಕವೇ ಇನ್ನೊಂದರಲ್ಲಿ ಆನ್‌ಲೈನ್ ಮಾಡಬೇಕು. ಬ್ಯಾಕಪ್ ಕೆಲಸಗಳು ಸಾಲುಗಟ್ಟಿರುವಾಗ ಇದು ನಿಜಕ್ಕೂ ತ್ರಾಸದಾಯಕ.

ಈಗ ಒಂದೇ ಐಓಡಿಎಫ್ (ಸಾಧನಗಳ ವ್ಯಾಖ್ಯಾನವಿರುವ ಕಡತ) ಇಟ್ಟುಕೊಂಡು, ಅದರೊಳಗೆ ಪ್ರತಿ ವ್ಯವಸ್ಥೆಗೂ ಪ್ರತ್ಯೇಕ ಓಎಸ್ ಕಾನ್ಫಿಗರೇಶನ್ ಹಾಗೂ ಎಸೊಟೆರಿಕ್ ಹೆಸರುಗಳನ್ನು (ಸಾಧನಗಳ ಗುಂಪಿಗೆ ನಾವೇ ಇಡುವ ಹೆಸರುಗಳನ್ನು) ಕೊಡುವ ಯೋಚನೆಯಿದೆ. ಹೊಸ ಆವೃತ್ತಿಯ ಕಡೆಯಿಂದಲೇ ಐಓಡಿಎಫ್ ನಿರ್ಮಿಸುವುದು ಸರಿ ಎಂಬುದು ನನ್ನ ಅಭಿಪ್ರಾಯ. ಆದರೆ ಹಳೆಯ ವ್ಯವಸ್ಥೆಯ ಯುಐಎಂಗಳು (ಪ್ರತಿ ಬಗೆಯ ಸಾಧನದ ವಿವರ ಕೊಡುವ ಮಾಡ್ಯೂಲ್‌ಗಳು) ಹಿಂದಿನ ಮಟ್ಟದಲ್ಲಿಯೇ ಇರುವುದರಿಂದ, ಹೊಸ ಕಾನ್ಫಿಗರೇಶನ್ ಆ್ಯಕ್ಟಿವೇಟ್ ಮಾಡುವ ಮೊದಲು ಅಲ್ಲಿ ಯಾವ ಪಿಟಿಎಫ್‌ಗಳನ್ನು (ಐಬಿಎಂನ ತಂತ್ರಾಂಶ ತಿದ್ದುಪಡಿಗಳನ್ನು) ಹಾಕಬೇಕು, ಮತ್ತು ಟೆಸ್ಟ್ ಆಯ್ಕೆಯೊಂದಿಗಿನ ಆ್ಯಕ್ಟಿವೇಟ್ ಆದೇಶವು ಇಂತಹ ಕೊರತೆಯನ್ನು ಮುಂಚಿತವಾಗಿ ತೋರಿಸುತ್ತದೆಯೇ ಎಂಬುದನ್ನು, ಇಂಥ ಮಿಶ್ರ ವ್ಯವಸ್ಥೆಯನ್ನು ನಡೆಸಿದ ಅನುಭವವಿರುವವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.