‘ಪೇರಿಕೆ’ ಎಂದರೆ ಸರಿಯಾದೀತೇ? ಒತ್ತಡಕ್ಕೆ ಸಿಕ್ಕ ಪದರ ಹರಳುಗಳ ಬಗ್ಗೆ

ಬಳಗದ ಎಲ್ಲರಿಗೂ ಶಿವಮೊಗ್ಗದಿಂದ ನಮಸ್ಕಾರ.

ಒಂದು ಪದಕ್ಕಾಗಿ ನಿಮ್ಮ ಸಹಾಯ ಬೇಕು: ಹರಳಿನ ಪದರಗಳು ಒಂದರ ಮೇಲೊಂದು ಕೂತಿರುವ ರೀತಿಗೆ ಕನ್ನಡದಲ್ಲಿ ‘ಪೇರಿಕೆ’ ಎನ್ನಬಹುದೇ? ನನ್ನ ಅಕ್ಕನ ಮಗಳು ಶಂಕರಘಟ್ಟದಲ್ಲಿ, ಕುವೆಂಪು ವಿಶ್ವವಿದ್ಯಾಲಯದಲ್ಲಿ, ಭೌತಶಾಸ್ತ್ರ ಓದುತ್ತಿದ್ದಾಳೆ. ತೀರ್ಥಹಳ್ಳಿಯ ಪಿಯುಸಿ ಮಕ್ಕಳಿಗೆ ಅವಳು ಕನ್ನಡದಲ್ಲೇ ಪಾಠ ಮಾಡಬೇಕಿದೆ. ಪದರ ಪದರವಾಗಿರುವ ಹ್ಯಾಲೈಡ್ (ಲೋಹದ ಜೊತೆ ಕ್ಲೋರಿನ್, ಅಯೋಡಿನ್‌ನಂಥವು ಸೇರಿ ಆದ ವಸ್ತು) ಹರಳುಗಳನ್ನು ಬಲವಾಗಿ ಒತ್ತಿದರೆ ಅವುಗಳ ಒಳಗೆ ಏನಾಗುತ್ತದೆ ಎಂಬುದು ವಿಷಯ. ಬರೆದುಕೊಂಡಿದ್ದನ್ನು ನನಗೆ ಕಳಿಸಿದ್ದಳು. ಪುಟದ ತುಂಬ ‘ಸ್ಫಟಿಕದ ರಚನೆ ಬದಲಾಗುತ್ತದೆ’ ಎಂಬ ಒಂದೇ ಮಾತು. ಆದರೆ ಅಲ್ಲಿ ನಡೆಯುವುದು ಎರಡು ಬೇರೆ ಬೇರೆ ಸಂಗತಿ. ಎರಡಕ್ಕೂ ಅದೇ ಮಾತು ಹೇಳಿದರೆ ಮಕ್ಕಳಿಗೆ ಮುಖ್ಯವಾದದ್ದೇ ತಪ್ಪಿಹೋಗುತ್ತದೆ.

ಕ್ಯಾಡ್ಮಿಯಂ ಅಯೋಡೈಡ್, ಸೀಸದ ಅಯೋಡೈಡ್, ಕ್ರೋಮಿಯಂ ಅಯೋಡೈಡ್ ಈ ಗುಂಪಿನವು. ನಡುವೆ ಲೋಹದ ಪರಮಾಣುಗಳ ಒಂದು ಹಾಸು. ಅದರ ಮೇಲೊಂದು, ಕೆಳಗೊಂದು ಅಯೋಡಿನ್ ಹಾಸು. ಮೂರೂ ಸೇರಿ ಒಂದು ಪದರ. ಪದರದ ಒಳಗಿನ ಬಂಧ ಗಟ್ಟಿ. ಪದರಕ್ಕೂ ಪದರಕ್ಕೂ ನಡುವೆ ಇರುವುದು ವಾನ್ ಡರ್ ವಾಲ್ಸ್ ಬಲ ಮಾತ್ರ, ಬಹಳ ಸಡಿಲ. ಅದಕ್ಕೇ ಈ ಹರಳುಗಳು ಚಕ್ಕೆ ಚಕ್ಕೆಯಾಗಿ ಏಳುತ್ತವೆ. ಕೆಲವರು ಪದರಕ್ಕೆ ‘ಪೊರೆ’ ಎಂದು ಬರೆಯುತ್ತಾರೆ. ನನಗೆ ಅದು ಒಪ್ಪಿಗೆಯಿಲ್ಲ. ಪೊರೆ ಎಂದರೆ ಹಾವಿನದು, ಕಣ್ಣಿನದು ನೆನಪಾಗುತ್ತದೆ. ಜೀವಶಾಸ್ತ್ರದವರೂ ಅದನ್ನು ಆಗಲೇ ಬಳಸುತ್ತಿದ್ದಾರೆ. ‘ಪದರ’ವೇ ಇರಲಿ.

ಈಗ ಒತ್ತೋಣ. ಮೊದಲು ಕುಗ್ಗುವುದು ಆ ಸಡಿಲ ಜಾಗ. ಪದರಗಳು ಒಂದಕ್ಕೊಂದು ಹತ್ತಿರ ಬರುತ್ತವೆ, ಆದರೆ ಪದರದ ಉದ್ದಗಲ ಅಷ್ಟಾಗಿ ಕುಗ್ಗುವುದಿಲ್ಲ. ಆಮೇಲೆ ಕೆಲವು ಹರಳುಗಳಲ್ಲಿ ಒಂದು ಪದರ ಇನ್ನೊಂದರ ಮೇಲೆ ಸ್ವಲ್ಪ ಪಕ್ಕಕ್ಕೆ ಜಾರಿ ಹೊಸ ಜಾಗದಲ್ಲಿ ಕೂರುತ್ತದೆ. ಮಳೆಗಾಲಕ್ಕೆ ಮುಂಚೆ ಅಂಗಳದಲ್ಲಿ ಒಂದರ ಮೇಲೊಂದು ಇಟ್ಟ ಹೆಂಚುಗಳಲ್ಲಿ ಮೇಲಿನದನ್ನು ತುಸು ಸರಿಸಿದ ಹಾಗೆ. ಹೆಂಚು ಅದೇ, ಇಟ್ಟ ರೀತಿ ಬೇರೆ.

ಇದು ಸಣ್ಣ ವಿಷಯ ಅಂತ ಅನ್ನಿಸಬಹುದು. ಅಲ್ಲವೇ ಅಲ್ಲ. ಕ್ರೋಮಿಯಂ ಅಯೋಡೈಡನ್ನೇ ನೋಡಿ. ಇದರ ಕೆಲವೇ ಪದರಗಳ ತೆಳು ಚೂರಿನಲ್ಲಿ, ತಣ್ಣಗೆ ಮಾಡಿದಾಗ, ಪಕ್ಕಪಕ್ಕದ ಪದರಗಳ ಕಾಂತತೆ ಒಂದಕ್ಕೊಂದು ಎದುರು ದಿಕ್ಕಿಗೆ ಇರುತ್ತದೆ. 2019ರಲ್ಲಿ ವಿಜ್ಞಾನಿಗಳು ಅಂಥ ಚೂರನ್ನು 2 ಗಿಗಾಪ್ಯಾಸ್ಕಲ್ (ಇದು ಒತ್ತಡದ ಅಳತೆ, ಲೆಕ್ಕ ಮುಂದೆ ಇದೆ) ಆಸುಪಾಸಿನಲ್ಲಿ ಒತ್ತಿದರು. ಪದರ ಜಾರಿತು, ಕಾಂತತೆ ಒಂದೇ ದಿಕ್ಕಿಗೆ ತಿರುಗಿತು. ಒತ್ತಡ ತೆಗೆದ ಮೇಲೂ ಹಾಗೇ ಉಳಿಯಿತು! ಒಂದು ಬಂಧವೂ ಮುರಿದಿಲ್ಲ. ಪದರ ಕೂತ ಜಾಗ ಬದಲಾಯಿತು, ಅಷ್ಟೇ.

ಇನ್ನೊಂದು ಬಗೆಯ ಬದಲಾವಣೆಗೆ ರುಥೇನಿಯಂ ಕ್ಲೋರೈಡ್ ಒಳ್ಳೆಯ ಉದಾಹರಣೆ. ಅದರ ಪದರದಲ್ಲಿ ರುಥೇನಿಯಂ ಪರಮಾಣುಗಳು ಆರು ಮೂಲೆಯ ಮನೆಗಳಾಗಿ ಹೆಣೆದುಕೊಂಡಿವೆ. ಒತ್ತಡ ಏರಿದಾಗ ಅವು ಎರಡೆರಡು ಜೋಡಿಯಾಗಿ ಹತ್ತಿರ ಸರಿಯುತ್ತವೆ. ಇಲ್ಲಿ ಪದರದ ಒಳಗೇ ಬದಲಾವಣೆ ಆಯಿತು ಅಲ್ವಾ? ಇದನ್ನೂ ಮೊದಲಿನದನ್ನೂ ಒಂದೇ ಹೆಸರಿನಲ್ಲಿ ಕರೆಯುವುದು ಹೇಗೆ?

ಒತ್ತಡದ ಲೆಕ್ಕಕ್ಕೆ ಇಷ್ಟು ಸಾಕು: 1 ಗಿಗಾಪ್ಯಾಸ್ಕಲ್ ಎಂದರೆ ನಮ್ಮ ಸುತ್ತಲ ಗಾಳಿಯ ಒತ್ತಡದ ಸುಮಾರು 10,000 ಪಟ್ಟು. ಹರಳುಪ್ಪೂ ಒಂದು ಹ್ಯಾಲೈಡೇ, ಆದರೆ ಅದರಲ್ಲಿ ಪದರಗಳಿಲ್ಲ. ಅದರ ರಚನೆ ಬದಲಾಗಬೇಕಾದರೆ ಸುಮಾರು 30 ಗಿಗಾಪ್ಯಾಸ್ಕಲ್ ಬೇಕು. ಪದರ ಹರಳುಗಳು ಎಷ್ಟು ಬೇಗ ಮಣಿಯುತ್ತವೆ ಎಂದು ಇದರಿಂದ ತಿಳಿಯುತ್ತದೆ.

ಇನ್ನು ನನ್ನ ಪ್ರಶ್ನೆ. ಪದರಗಳು ಒಂದರ ಮೇಲೊಂದು ಕೂತಿರುವ ರೀತಿಗೆ ಇಂಗ್ಲಿಷಿನಲ್ಲಿ ‘ಸ್ಟ್ಯಾಕಿಂಗ್’ ಎನ್ನುತ್ತಾರೆ. ಕನ್ನಡದ ಬರಹಗಳಲ್ಲಿ ಹೆಚ್ಚಾಗಿ ‘ಜೋಡಣೆ’ ಎಂದಿರುತ್ತದೆ. ಪದರದ ಒಳಗಿನ ಪರಮಾಣುಗಳದ್ದೂ ಜೋಡಣೆಯೇ, ಹಾಗಾಗಿ ಗೊಂದಲ ಅಲ್ಲೇ ಶುರು. ನಮ್ಮ ಕಡೆ ಕಟ್ಟಿಗೆ ಒಟ್ಟುತ್ತಾರೆ. ‘ಒಟ್ಟು’ ಚೆನ್ನಾದ ಮಾತು, ಆದರೆ ಓದುವವರು ಅದನ್ನು ಕೂಡಿದ ಲೆಕ್ಕ ಎಂದುಕೊಳ್ಳುತ್ತಾರೆ. ‘ರಾಶಿ’ ಎಂದರೆ ಕ್ರಮವೇ ಇಲ್ಲ. ಉಳಿದದ್ದು ‘ಪೇರಿಸು’. ಪೆಟ್ಟಿಗೆ, ಇಟ್ಟಿಗೆ, ಪುಸ್ತಕ ಎಲ್ಲವನ್ನೂ ಪೇರಿಸುತ್ತೇವೆ. ಒಂದರ ಮೇಲೊಂದು, ಕ್ರಮವಾಗಿ ಎಂಬ ಎರಡೂ ಅರ್ಥ ಅದರಲ್ಲಿದೆ. ಅದರಿಂದ ‘ಪೇರಿಕೆ’ ಮಾಡಿಕೊಳ್ಳಬಹುದು ಎಂದು ನನಗೆ ತೋರುತ್ತದೆ. ಜಾರಿದಾಗ ಆಗುವುದು ‘ಪೇರಿಕೆಯ ಬದಲಾವಣೆ’. ಎರಡನೆಯದು ‘ಪದರದೊಳಗಿನ ಬದಲಾವಣೆ’. ಕ್ಯಾಡ್ಮಿಯಂ ಅಯೋಡೈಡಿನಲ್ಲಿ 200ಕ್ಕೂ ಹೆಚ್ಚು ಬಗೆಯ ಪೇರಿಕೆಗಳು ಸಿಕ್ಕಿವೆ. ಪದರ ಮಾತ್ರ ಎಲ್ಲದರಲ್ಲೂ ಒಂದೇ. ಇಂಥ ವಾಕ್ಯವನ್ನು ‘ಜೋಡಣೆ’ ಇಟ್ಟುಕೊಂಡು ಬರೆದು ನೋಡಿ, ಕಷ್ಟ ಗೊತ್ತಾಗುತ್ತದೆ.

ಜೊತೆಗೆ ಇನ್ನೊಂದು ಪದ. ಹರಳನ್ನು ಒತ್ತುವುದು ಎರಡು ವಜ್ರಗಳ ತುದಿಗಳ ನಡುವೆ ಇಟ್ಟು. 1958ರಿಂದ ಈ ಸಲಕರಣೆ ಇದೆ. ಒತ್ತಡ ಎಷ್ಟೆಂದು ಅಳೆಯಲು ಒಳಗೆ ಮಾಣಿಕ್ಯದ ಒಂದು ಚೂರು ಇಡುತ್ತಾರೆ. ಅದು ಸೂಸುವ ಕೆಂಪು ಬೆಳಕಿನ ಅಲೆಯುದ್ದ ಒತ್ತಡ ಹೆಚ್ಚಿದಂತೆ ಸರಿಯುತ್ತಾ ಹೋಗುತ್ತದೆ. ಬೆಂಗಳೂರಿನಲ್ಲಿ ಸಿ.ವಿ. ರಾಮನ್ ಅವರ ಬಳಿ ಕೆಲಸ ಮಾಡಿದ್ದ ಎ. ಜಯರಾಮನ್ 1983ರಲ್ಲಿ ಈ ಸಲಕರಣೆಯ ಬಗ್ಗೆ ಬರೆದ ದೊಡ್ಡ ಲೇಖನ ಈ ಕ್ಷೇತ್ರದವರಿಗೆಲ್ಲ ಗೊತ್ತು. ಇಂಗ್ಲಿಷಿನಲ್ಲಿ ಇದು ‘ಡೈಮಂಡ್ ಆನ್ವಿಲ್ ಸೆಲ್’; ಆನ್ವಿಲ್ ಎಂದರೆ ಕಮ್ಮಾರರು ಕಬ್ಬಿಣ ಇಟ್ಟು ಬಡಿಯುವ ದಿಮ್ಮಿ. ಇದನ್ನು ‘ವಜ್ರದ ಅಡಿಗಲ್ಲು’ ಎನ್ನಲು ನನಗೆ ಆಸೆ. ಆದರೆ ಪೇಪರಿನಲ್ಲಿ ಅಡಿಗಲ್ಲು ಎಂದರೆ ಕಟ್ಟಡದ ಶಂಕುಸ್ಥಾಪನೆ. ಕುಲುಮೆ ಕೆಲಸ ಬಲ್ಲವರು ಅಲ್ಲಿ ಬಳಸುವ ಬೇರೆ ಹೆಸರಿದ್ದರೆ ತಿಳಿಸಿ.

ಸಾಗರ, ಹೊಸನಗರ, ಶೃಂಗೇರಿ ಕಡೆಯವರಲ್ಲಿ ಇನ್ನೊಂದು ಕೇಳಿಕೆ. ಹೆಂಚನ್ನೋ ಕಲ್ಲನ್ನೋ ಒಂದರ ಮೇಲೊಂದು ನೇರವಾಗಿ ಇಡುವುದಕ್ಕೂ, ಅರ್ಧ ಸರಿಸಿ ಇಡುವುದಕ್ಕೂ ನಿಮ್ಮಲ್ಲಿ ಬೇರೆ ಬೇರೆ ಮಾತು ಇದೆಯೇ? ಇದ್ದರೆ ಬರೆಯಿರಿ. ಪಾಠದಲ್ಲಿ ಅದನ್ನೇ ಬಳಸಲು ಅವಳಿಗೆ ಹೇಳುತ್ತೇನೆ.