ಟರ್ಕಿ ಬೇಟೆ: ಚೋಕ್, ತೋಟಾ ಬಗ್ಗೆ ಗನ್‌ಸ್ಮಿತ್‌ಗೆ ಕೇಳಿ

ಅಡ್ಮಿನ್: ವಸಂತದ ಟರ್ಕಿ ಕೋಳಿ ಬೇಟೆಯ ಸೀಸನ್ ಹತ್ತಿರ ಬಂತು. ಕೋವಿ ರಿಪೇರಿ ಮಾಡುವ ನಮ್ಮ ಗುಂಪಿನ ಗನ್‌ಸ್ಮಿತ್ ಅಣ್ಣ ಈ ಎರಡು ದಿನ ಪ್ರಶ್ನೆಗಳಿಗೆ ಉತ್ತರ ಕೊಡುತ್ತಾರೆ. ಅಂಗಡಿ ಕೆಲಸದ ಮಧ್ಯೆ ಬರೆಯುತ್ತಾರೆ, ತಡವಾದರೆ ಬೇಜಾರು ಬೇಡ. ಎಂದಿನಂತೆ ಹೆಸರಿನ ಬದಲು ಹುಟ್ಟಿದ ಊರು ಮತ್ತು ಈಗಿರುವ ರಾಜ್ಯ ಹಾಕಿ.

ಬೆಂಗಳೂರು–ಜಾರ್ಜಿಯಾ: ನಮಸ್ಕಾರ ಸರ್. ಇದು ಮೊದಲ ಸೀಸನ್. 12 ಗೇಜ್ ಪಂಪ್ ಕೋವಿ ಇದೆ. ಟರ್ಕಿಗೆ ಬೆಸ್ಟ್ ಚೋಕ್ ಯಾವುದು?

ಮಡಿಕೇರಿ–ಮಿಸ್ಸೌರಿ (ಗನ್‌ಸ್ಮಿತ್): ನಮಸ್ಕಾರ. ಮೊದಲ ಸಲ ಅಂದಿದ್ದೀರಿ, ಅದಕ್ಕೆ ಸ್ವಲ್ಪ ವಿವರವಾಗಿ ಹೇಳುತ್ತೇನೆ. ನಳಿಗೆಯ ತುದಿಯನ್ನು ಕೊಂಚ ಕಿರಿದು ಮಾಡುವುದೇ ಚೋಕ್. 12 ಗೇಜ್ ನಳಿಗೆಯ ಒಳಗಿನ ಅಳತೆ ಸುಮಾರು 0.729 ಇಂಚು. ಮಾಡಿಫೈಡ್ ಚೋಕ್ ಅದನ್ನು ಇಂಚಿನ 20 ಸಾವಿರಾಂಶದಷ್ಟು ಕಿರಿದು ಮಾಡುತ್ತದೆ, ಫುಲ್ ಚೋಕ್ 35ರಿಂದ 40. ಟರ್ಕಿ ಚೋಕ್ ಇನ್ನೂ ಬಿಗಿ. ಇಷ್ಟು ಬಿಗಿ ಯಾಕೆ ಅಂದ್ರೆ ಟರ್ಕಿಯ ಮೈಗೆ ಹೊಡೆಯುವುದಿಲ್ಲ, ತಲೆ ಮತ್ತು ಕತ್ತಿಗೆ ಹೊಡೆಯುತ್ತೇವೆ. ಗುರಿ ಅಂಗೈಯಷ್ಟು ಅಗಲ.

ನಾನು ನೋಡುವ ಲೆಕ್ಕ ಒಂದೇ. 40 ಗಜ ಅಳೆದು ಕಾಗದ ಕಟ್ಟಿ, ಒಂದು ಈಡು ಹೊಡೆಯಿರಿ. ಚರೆ ಜಾಸ್ತಿ ಬಿದ್ದ ಕಡೆ 10 ಇಂಚಿನ ವೃತ್ತ ಎಳೆದು ಎಣಿಸಿ. 100 ಇದ್ದರೆ ಆ ಚೋಕ್, ಆ ತೋಟಾ, ನಿಮ್ಮ ಕೋವಿ ಮೂರೂ ಹೊಂದಿಕೊಂಡಿವೆ. ಇಲ್ಲದಿದ್ದರೆ 35 ಗಜಕ್ಕೆ ಬನ್ನಿ, ಆಮೇಲೆ 30. ಎಲ್ಲಿ 100 ಸಿಗುತ್ತದೋ ಅದೇ ನಿಮ್ಮ ಗಡಿ. ಒಂದೇ ಕಂಪನಿಯ ಎರಡು ಕೋವಿಗಳು ಒಂದೇ ತೋಟಾವನ್ನು ಬೇರೆ ಬೇರೆ ಥರ ಉಗುಳುವುದನ್ನು ದಿನಾ ನೋಡುತ್ತೇನೆ. ಹಾಗಾಗಿ ಬೆಸ್ಟ್ ಅಂತ ಹೆಸರು ಹೇಳುವುದಿಲ್ಲ.

ಹಾಸನ–ಟೆಕ್ಸಾಸ್: ಜಾರ್ಜಿಯಾದವರೇ, ಸುಮ್ನೆ ಟಿಎಸ್‌ಎಸ್ 9 ನಂಬರ್ ತಗೊಳ್ಳಿ. 60 ಗಜದಲ್ಲಿ ಮಲಗಿಸಿದ್ದೇನೆ. ಸೀಸದ ಕಾಲ ಮುಗಿಯಿತು.

ತೀರ್ಥಹಳ್ಳಿ–ಓಹಾಯೋ: ಮುಗಿಯಿತಂತೆ! ತೋಟಾ ಒಂದಕ್ಕೆ ಹತ್ತು ಡಾಲರ್ ಕೊಟ್ಟು ಹಕ್ಕಿ ಹೊಡೆಯಬೇಕಾ? ನನ್ನ ಮಾವನವರು ಸೀಸದ 5 ನಂಬರಿನಲ್ಲೇ 20 ವರ್ಷ ಹೊಡೆದಿದ್ದಾರೆ.

ಗನ್‌ಸ್ಮಿತ್: ಇಬ್ಬರೂ ಸ್ವಲ್ಪ ತಾಳಿ. ಚರೆಯ ನಂಬರ್ ದೊಡ್ಡದಾದಷ್ಟೂ ಚರೆ ಸಣ್ಣ. ಟಿಎಸ್‌ಎಸ್ ಅಂದರೆ ಟಂಗ್‌ಸ್ಟನ್ ಚರೆ. ಒಂದು ಘನ ಸೆಂಟಿಮೀಟರಿಗೆ 18 ಗ್ರಾಂ ತೂಗುತ್ತದೆ, ಸೀಸ 11. ಆದ್ದರಿಂದ ಸಾಸಿವೆಗಿಂತ ಕೊಂಚ ದಪ್ಪಗಿರುವ 9 ನಂಬರಿನ ಚರೆಯೂ ಸೀಸದ 5 ನಂಬರಿನಷ್ಟು ಒಳಗೆ ಇಳಿಯುತ್ತದೆ. ಸೀಸ 5 ಒಂದು ಔನ್ಸಿಗೆ 170 ಚರೆ, ಟಿಎಸ್‌ಎಸ್ 9 ಸುಮಾರು 360. ಲಾಭ ಇರುವುದು ಅಲ್ಲಿ. 60 ಗಜಕ್ಕೆ ಹೊಡೆಯಿರಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಕಾಡಿನಲ್ಲಿ ಕಣ್ಣಳತೆಗೆ 45 ಅನಿಸಿದ್ದು 58 ಆಗಿರುತ್ತದೆ. ರೆಕ್ಕೆ ಮುರಿದ ಹಕ್ಕಿ ಓಡಿ ಹೋಗಿ ನರಳಿ ಸಾಯುತ್ತದೆ.

ಧಾರವಾಡ–ವಿಸ್ಕಾನ್ಸಿನ್: ಸರ್, ಊರಾಗ ನಮ್ಮ ಅಜ್ಜ 6 ನಂಬರ್ ಚರೆ ಅಂತಿದ್ದರು. ಇಲ್ಲಿಯ 6 ಅದೇನಾ?

ಗನ್‌ಸ್ಮಿತ್: ಒಳ್ಳೇ ಪ್ರಶ್ನೆ ರೀ, ಇದನ್ನು ಯಾರೂ ಕೇಳುವುದಿಲ್ಲ. ಅದೇ ಅಲ್ಲ. ಬ್ರಿಟಿಷ್ ಲೆಕ್ಕದ 6 ನಂಬರ್ 2.6 ಮಿಲಿಮೀಟರ್, ಅಮೆರಿಕದ 6 ನಂಬರ್ 2.8ರ ಹತ್ತಿರ. ಬ್ರಿಟಿಷ್ 5 ಹೆಚ್ಚುಕಡಿಮೆ ಇಲ್ಲಿಯ 6. ಹಳೆ ಇಂಗ್ಲಿಷ್ ಡಬ್ಬಿ ಸಿಕ್ಕಿದರೆ ನಂಬರ್ ನಂಬಬೇಡಿ, ಮಿಲಿಮೀಟರ್ ನೋಡಿ. ಎಷ್ಟು ದಪ್ಪ ಚರೆಯವರೆಗೆ ಬಳಸಬಹುದು ಅಂತ ಹಲವು ರಾಜ್ಯಗಳಲ್ಲಿ ಮಿತಿ ಇದೆ, ಆ ವರ್ಷದ ನಿಯಮ ಪುಸ್ತಕ ಓದಿಕೊಳ್ಳಿ.

ಮಂಡ್ಯ–ನಾರ್ತ್ ಕೆರೊಲಿನಾ: ಸರ್, 20 ಗೇಜ್‌ಗೆ ಬೆಸ್ಟ್ ಚೋಕ್ ಯಾವುದು?

ಗನ್‌ಸ್ಮಿತ್: ಮೇಲೆ ಓದಿ. ಕಾಗದ, 40 ಗಜ, 100 ಚರೆ.

ಮೈಸೂರು–ಪೆನ್ಸಿಲ್ವೇನಿಯಾ: ಸರ್, ಕಳೆದ ತಿಂಗಳು ತೀರಿಹೋದ ಒಬ್ಬ ಅಜ್ಜನ ಮನೆ ಸಾಮಾನು ಮಾರಾಟದಲ್ಲಿ ಒಂದು ಜೋಡುನಳಿಗೆ ಕೋವಿ ತಗೊಂಡೆ. ಕೋವಿಯ ಹೊರಗೆ ಎರಡು ಕುದುರೆ (ಹ್ಯಾಮರ್) ಇವೆ. ನಳಿಗೆ ಮೇಲೆ ಹಾವಿನ ಮೈ ಥರ ಗೆರೆಗೆರೆ ಚಿತ್ತಾರ, ತುಂಬಾ ಚೆನ್ನಾಗಿದೆ. ಪಕ್ಕದ ಮನೆಯವರು 3 ಇಂಚಿನ ಟಿಎಸ್‌ಎಸ್ ತೋಟಾ ಕೊಟ್ಟರು. ಒಂದು ಹಾಕಿ ನೋಡಿದೆ, ಸರಿಯಾಗಿ ಕೂತಿತು, ಕೋವಿ ಆರಾಮಾಗಿ ಮುಚ್ಚಿತು. ಶನಿವಾರ ಕಾಗದಕ್ಕೆ ಹೊಡೆಯಬಹುದಲ್ವಾ?

ಗನ್‌ಸ್ಮಿತ್: ಹೊಡೆಯಬೇಡಿ. ಗಿರಾಕಿಯನ್ನು ಕಾಯಿಸಿ ಇದನ್ನು ಬರೆಯುತ್ತಿದ್ದೇನೆ, ಪೂರ್ತಿ ಓದಿ.

ಮೊದಲು ತೋಟಾದ ಉದ್ದ. ಡಬ್ಬಿ ಮೇಲೆ ಬರೆದಿರುವ 3 ಇಂಚು, ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡ ತೋಟಾದ ಉದ್ದ. ಹೊಡೆಯುವ ಮೊದಲು ಬಾಯಿ ಮಡಚಿರುತ್ತದೆ, ಆಗ ಅದು ಗಿಡ್ಡ. ಅದಕ್ಕೇ 3 ಇಂಚಿನ ತೋಟಾ 2¾ ಇಂಚಿನ ಕೋವಿಯಲ್ಲೂ ಸಲೀಸಾಗಿ ಕೂರುತ್ತದೆ. ನಿಮ್ಮ ವಯಸ್ಸಾದ ಕೋವಿಯಲ್ಲಿ ತೋಟಾ ಕೂರುವ ಗೂಡು 2½ ಇದ್ದರೂ ಆಶ್ಚರ್ಯವಿಲ್ಲ. ಹೊಡೆದಾಗ ಮಡಿಕೆ ಮುಂದಕ್ಕೆ ಬಿಚ್ಚಿಕೊಳ್ಳಬೇಕು, ಆದರೆ ಅಲ್ಲಿ ನಳಿಗೆ ಕಿರಿದಾಗುವ ಕೊರಳಿದೆ. ಬಾಯಿ ಆ ಕೊರಳಿಗೆ ತುರುಕಿಕೊಳ್ಳುತ್ತದೆ. ಚರೆ ಹೋಗಬೇಕಾದ ದಾರಿ ಇಕ್ಕಟ್ಟಾಗಿ ಒತ್ತಡ ಏರುತ್ತದೆ. ಸರಿಯಾಗಿ ಕೂತಿತು ಅನ್ನುವುದು ಇಲ್ಲಿ ಏನನ್ನೂ ಹೇಳುವುದಿಲ್ಲ.

ಎರಡನೆಯದು ಆ ಚಿತ್ತಾರ. ಅದು ಬಣ್ಣವಲ್ಲ. ಕಬ್ಬಿಣ, ಉಕ್ಕಿನ ಪಟ್ಟಿಗಳನ್ನು ಹುರಿಮಾಡಿ, ಸರಳಿನ ಸುತ್ತ ಸುತ್ತಿ, ಕಾಯಿಸಿ ಬಡಿದು ಬೆಸೆದ ನಳಿಗೆ. ಡಮಾಸ್ಕಸ್ ಅನ್ನುತ್ತಾರೆ. ಬೆಲ್ಜಿಯಂನ ಲೀಜ್ ಪಟ್ಟಣದಿಂದ ಇಂಥವು ರಾಶಿರಾಶಿ ಈ ದೇಶಕ್ಕೆ ಬಂದವು. ಬಹುಪಾಲು ಕಡಿಮೆ ಒತ್ತಡದ ಹಳೆ ಕಪ್ಪು ಮದ್ದಿನ ಕಾಲದವು. ಈಗಿನ 12 ಗೇಜ್ 3 ಇಂಚಿನ ತೋಟಾಗೆ ಒತ್ತಡದ ಮಿತಿ ಚದರ ಇಂಚಿಗೆ 11,500 ಪೌಂಡ್. ನಿಮ್ಮ ನಳಿಗೆಯ ಬೆಸುಗೆಗಳ ನಡುವೆ ನೂರು ವರ್ಷದ ತುಕ್ಕು ಎಲ್ಲಿ ಕೂತಿದೆ ಅಂತ ಹೊರಗಿನಿಂದ ಕಾಣುವುದಿಲ್ಲ. ಒಡೆದರೆ ಅದು ಒಡೆಯುವುದು ನಿಮ್ಮ ಎಡಗೈ ಹಿಡಿದಿರುವ ಜಾಗದಲ್ಲಿ.

ಮೂರನೆಯದು ಟಿಎಸ್‌ಎಸ್. ಅದು ನಿಮ್ಮ ನಳಿಗೆಗಿಂತ ಗಟ್ಟಿ. ಹಳೆ ಕೋವಿಯ ಚೋಕ್ ತಿರುಗಿಸಿ ಬಿಚ್ಚುವಂಥದ್ದಲ್ಲ, ನಳಿಗೆಯಲ್ಲೇ ಇರುತ್ತದೆ. ಟಿಎಸ್‌ಎಸ್ ಇರಲಿ, ಸ್ಟೀಲ್ ಚರೆ ಇರಲಿ, ಇಂಥ ಕೋವಿಗೆ ಎರಡೂ ಬೇಡ.

ನಮ್ಮ ಮನೆಯಲ್ಲಿ ಕೊಡಗಿನ ಆಯುಧ ಪೂಜೆಯ ಹಬ್ಬ ಕೈಲ್‌ಪೊಳ್ದ್ ಹಿಂದಿನ ದಿನ ಚಿಕ್ಕಪ್ಪ ಕೋವಿ ಒರೆಸುತ್ತಿದ್ದರು. ನಳಿಗೆ ಬಿಚ್ಚಿ, ದೀಪದ ಕಡೆ ಹಿಡಿದು ಒಳಗೆ ನೋಡುತ್ತಿದ್ದರು. ಒಳಗೆ ಬೆಳಕು ಬಳೆ ಬಳೆಯಾಗಿ ಕಾಣುತ್ತದೆ. ಒಂದು ಬಳೆ ಸೊಟ್ಟಗಿದ್ದರೆ ಅಲ್ಲಿ ನಗ್ಗಿದೆ ಅಂತ ಅರ್ಥ. ಆ ಕೋವಿ ಪೂಜೆಗೆ ಮಾತ್ರ, ತೆಂಗಿನಕಾಯಿಗೂ ಹೊಡೆಯುತ್ತಿರಲಿಲ್ಲ. ಈ ಕೆಲಸದಲ್ಲಿ ನಾನು ಮೊದಲು ಕಲಿತದ್ದು ಅದೇ.

ನೀವು ಮಾಡಬೇಕಾದದ್ದು: ಕೋವಿ ಖಾಲಿ ಮಾಡಿ. ನಳಿಗೆ ಬಿಚ್ಚಿ, ಅಡಿಭಾಗದಲ್ಲಿರುವ ಮುದ್ರೆಗಳ ಫೋಟೋ ಹಾಕಿ. ಹತ್ತಿರದ ಗನ್‌ಸ್ಮಿತ್ ಹತ್ತಿರ ಗೂಡಿನ ಅಳತೆ, ನಳಿಗೆಯ ಗೋಡೆಯ ದಪ್ಪ ನೋಡಿಸಿ. ಟರ್ಕಿಗೆ ಬೇರೆ ಕೋವಿ ಹುಡುಕಿ.

ಹಾಸನ–ಟೆಕ್ಸಾಸ್: ನನ್ನ ಗೆಳೆಯ ಡಮಾಸ್ಕಸ್‌ನಲ್ಲಿ ಮಾಮೂಲಿ ತೋಟಾ ಹೊಡೆಯುತ್ತಾನೆ, ಏನೂ ಆಗಿಲ್ಲ.

ಗನ್‌ಸ್ಮಿತ್: ಇನ್ನೂ ಆಗಿಲ್ಲ.

ದಾವಣಗೆರೆ–ನ್ಯೂಜೆರ್ಸಿ: ಸರ್, ಎಚ್‌1ಬಿಯಲ್ಲಿದ್ದೇನೆ. ಕೋವಿ ಕೊಳ್ಳಬಹುದಾ? ಗೆಳೆಯನ ಕೋವಿ ಎರವಲು ತಗೊಂಡರೆ ಸಮಸ್ಯೆ ಇಲ್ಲ ಅಂತಾರೆ.

ಗನ್‌ಸ್ಮಿತ್: ಅಂತಾರೆ ಅನ್ನುವವರ ಮಾತು ಕೇಳಬೇಡಿ. ಎಚ್‌1ಬಿ, ಎಫ್‌1 ಥರದ ತಾತ್ಕಾಲಿಕ ವೀಸಾದವರು ಕೋವಿಯಾಗಲಿ ತೋಟಾವಾಗಲಿ ಇಟ್ಟುಕೊಳ್ಳುವುದನ್ನೇ ಫೆಡರಲ್ ಕಾನೂನು ತಡೆಯುತ್ತದೆ. ಎರವಲೂ ಅದರಲ್ಲೇ ಬಂತು. ಅಮೆರಿಕದ ರಾಜ್ಯವೊಂದು ಕೊಟ್ಟ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಲೈಸೆನ್ಸ್ ಅವಧಿ ಮುಗಿದ ದಿನ ವಿನಾಯಿತಿಯೂ ಮುಗಿಯಿತು. ಅದರ ಮೇಲೆ ನಿಮ್ಮ ರಾಜ್ಯದ ಕಾನೂನು ಬೇರೆ. ವೀಸಾ ವಿಷಯ, ವಕೀಲರನ್ನು ಕೇಳಿ. ಈ ಗುಂಪನ್ನಲ್ಲ.

ಶಿವಮೊಗ್ಗ–ಕ್ಯಾಲಿಫೋರ್ನಿಯಾ: ಪಾಪದ ಹಕ್ಕಿ. ಅಂಗಡಿಯಲ್ಲಿ ಸಿಗುವುದಿಲ್ವಾ? ಕನ್ನಡದವರು ಹೀಗೆ ಕೊಲ್ಲುವುದನ್ನು ಹೆಮ್ಮೆಯಿಂದ ಬರೆಯುತ್ತಾರಲ್ಲ.

ತೀರ್ಥಹಳ್ಳಿ–ಓಹಾಯೋ: ಅಂಗಡಿಯದ್ದು ತಾನಾಗಿಯೇ ಸತ್ತು ಪ್ಯಾಕೆಟ್ ಒಳಗೆ ಹೋಗಿರುತ್ತಾ? ಕೋವಿ, ತೋಟಾ ಮೇಲೆ ಫೆಡರಲ್ ತೆರಿಗೆ ಇದೆ, ಉದ್ದ ಕೋವಿಗೆ ನೂರಕ್ಕೆ 11. 1937ರ ಕಾನೂನಿನ ಪ್ರಕಾರ ಆ ದುಡ್ಡು ವನ್ಯಜೀವಿ ಕೆಲಸಕ್ಕೇ. ಅಳಿಯಲು ಬಂದಿದ್ದ ಕಾಡು ಟರ್ಕಿಯನ್ನು ಬಲೆ ಹಾಕಿ ಹಿಡಿದು ಬೇರೆ ಕಾಡಿಗೆ ಬಿಟ್ಟು ಬೆಳೆಸಿದರು. ನೀವು ಎಷ್ಟು ಕೊಟ್ಟಿದ್ದೀರಿ?

ಶಿವಮೊಗ್ಗ–ಕ್ಯಾಲಿಫೋರ್ನಿಯಾ: ತೆರಿಗೆ ಕಟ್ಟಿದರೆ ಕೊಲ್ಲಬಹುದು ಅಂತಾಯ್ತು. ಸರಿ ಬಿಡಿ.

ಹಾಸನ–ಟೆಕ್ಸಾಸ್: ಓಹಾಯೋದವರು ಇಷ್ಟು ಪರಿಸರ ಮಾತಾಡಿ ಸೀಸ ಸುರಿಯುತ್ತಾರೆ. ಮಾಂಸದಲ್ಲಿ ಸೀಸ ಉಳಿಯುತ್ತದೆ ಸ್ವಾಮಿ, ಮಕ್ಕಳಿಗೆ ತಿನ್ನಿಸುತ್ತೀರಾ?

ತೀರ್ಥಹಳ್ಳಿ–ಓಹಾಯೋ: ತಲೆಗೆ ಹೊಡೆದರೆ ಎದೆ ಮಾಂಸದಲ್ಲಿ ಸೀಸ ಎಲ್ಲಿಂದ ಬರುತ್ತೆ? 60 ಗಜದಿಂದ ಮೈತುಂಬ ಎರಚುವವರಿಗೆ ಆ ಚಿಂತೆ.

ಅಡ್ಮಿನ್: ಇಬ್ಬರೂ ಪ್ರಶ್ನೆಗಷ್ಟೇ ಬನ್ನಿ.

ಕೋಲಾರ–ಇಲಿನಾಯ್: ಸರ್, ಒಂದು ಫಾರ್ವರ್ಡ್ ಬಂದಿದೆ. ತೋಟಾ ಬಿಚ್ಚಿ ಚರೆ ಮೇಲೆ ಮೇಣ ಕರಗಿಸಿ ಹಾಕಿದರೆ ಚರೆ ಚದುರುವುದಿಲ್ಲ, ದುಬಾರಿ ಚೋಕ್ ಬೇಡ ಅಂತೆ. ತೋಟಾದ ಸುತ್ತ ಚಾಕುವಿನಿಂದ ಕೊಯ್ದರೂ ಆಗುತ್ತದಂತೆ. ನಿಜವಾ?

ಗನ್‌ಸ್ಮಿತ್: ಚರೆ ಚದುರುವುದಿಲ್ಲ, ನಿಜ. ಇಡೀ ಮುದ್ದೆ ಒಂದೇ ಗಟ್ಟಿಯಾಗಿ ನಿಮ್ಮ ಬಿಗಿ ಚೋಕ್‌ಗೆ ಹೋಗಿ ಗುದ್ದುತ್ತದೆ. ಆಮೇಲೆ ಚೋಕ್ ಎಲ್ಲಿ ಬೀಳುತ್ತದೆ, ನಳಿಗೆ ಎಷ್ಟು ಹೋಳಾಗುತ್ತದೆ ಅಂತ ಫಾರ್ವರ್ಡ್ ಬರೆದವನು ಹೇಳಿಲ್ಲ. ಮಾಡಬೇಡಿ. ಈ ವಾರ ನನಗೆ ಇದೇ ಮೆಸೇಜ್ ಮೂರನೆಯ ಸಲ ಬಂದದ್ದು.

ಮಂಡ್ಯ–ನಾರ್ತ್ ಕೆರೊಲಿನಾ: ಚೋಕ್ ಮರೆಗೆ, ಅಂದ್ರೆ ಥ್ರೆಡ್‌ಗೆ, ಟೂತ್‌ಪೇಸ್ಟ್ ಹಚ್ಚಿದರೆ ಸಿಕ್ಕಿಕೊಳ್ಳುವುದಿಲ್ಲ ಅಂತ ವಿಡಿಯೋ ಇದೆ ಸರ್.

ಗನ್‌ಸ್ಮಿತ್: ಟೂತ್‌ಪೇಸ್ಟ್ ಹಲ್ಲಿಗೆ. ಮರೆಗೆ ಚೋಕ್ ಗ್ರೀಸ್ ತೆಳ್ಳಗೆ ಹಚ್ಚಿ.

ಹಾವೇರಿ–ಮಿಚಿಗನ್: ಸಾರ್, ಚೋಕ್ ಆಗಲೇ ಸಿಕ್ಕಿಕೊಂಡಿದೆ.

ಗನ್‌ಸ್ಮಿತ್: ಖಾಲಿ ಕೋವಿ, ಮರೆ ಸಡಿಲಿಸುವ ಎಣ್ಣೆ, ಒಂದು ರಾತ್ರಿ, ಸರಿಯಾದ ವ್ರೆಂಚ್. ಇಕ್ಕುಳ ಹಾಕಬೇಡಿ. ಬರಲಿಲ್ಲ ಅಂದರೆ ಅಂಗಡಿಗೆ.

ಬೆಂಗಳೂರು–ಜಾರ್ಜಿಯಾ: ಸರ್, ಕಾಗದಕ್ಕೆ ಹೊಡೆದೆ. 40 ಗಜದಲ್ಲಿ 10 ಇಂಚಿನೊಳಗೆ 112 ಚರೆ! ಆದರೆ 15 ಗಜದಲ್ಲಿ ಹೊಡೆದರೆ ಗುರಿಯ ಪಕ್ಕಕ್ಕೇ ಹೋಯಿತು. ಚೋಕ್ ಸರಿಯಿಲ್ವಾ?

ಗನ್‌ಸ್ಮಿತ್: ಭೇಷ್, ಎಣಿಸಿದವರು ನೀವೊಬ್ಬರೇ. ಚೋಕ್ ಸರಿಯಾಗಿದೆ. 15 ಗಜದಲ್ಲಿ ಚರೆಯ ಗುಂಪು ಕಿತ್ತಳೆ ಹಣ್ಣಿನಷ್ಟೇ ಇರುತ್ತದೆ. ರೈಫಲ್ ಥರ ಗುರಿ ಹಿಡಿಯಬೇಕು. ನನ್ನ ಹತ್ತಿರ ಹಕ್ಕಿ ತಪ್ಪಿತು ಅಂತ ಬರುವವರಲ್ಲಿ ಅರ್ಧ ಜನ ದೂರಕ್ಕಲ್ಲ, ಹತ್ತಿರಕ್ಕೇ ತಪ್ಪಿದವರು. ಹಕ್ಕಿ ನೋಡುವ ಆತುರದಲ್ಲಿ ಕೆನ್ನೆ ಕೋವಿಯ ಹಿಂಬದಿಯ ಮರದಿಂದ ಮೇಲೇಳುತ್ತದೆ, ಈಡು ಮೇಲೆ ಹೋಗುತ್ತದೆ. ಮೊದಲು ಅಗ್ಗದ ಟಾರ್ಗೆಟ್ ತೋಟಾದಲ್ಲಿ ಅಭ್ಯಾಸ ಮಾಡಿ. ಕಣ್ಣು, ಕಿವಿಗೆ ರಕ್ಷಣೆ ಇರಲಿ. ಮತ್ತೆ ಕಾಡಿಗೆ ಹೋಗುವಾಗ ಕೆಂಪು, ಬಿಳಿ, ನೀಲಿ ಬಟ್ಟೆ ಬೇಡ. ಗಂಡು ಟರ್ಕಿಯ ತಲೆಯ ಬಣ್ಣ ಅವೇ. ಕರ್ಚೀಫ್ ಕೂಡ ಬೇಡ.

ಬೀದರ್–ಅಲಬಾಮಾ: 12 ಮತ್ತು 20 ಗೇಜ್ ಎರಡೂ ಇದ್ದರೆ ಒಂದೇ ಜೇಬಿನಲ್ಲಿ ತೋಟಾ ಇಟ್ಟುಕೊಳ್ಳಬಹುದಾ?

ಗನ್‌ಸ್ಮಿತ್: ಖಂಡಿತ ಬೇಡ. 20 ಗೇಜ್ ತೋಟಾ ಹಳದಿ ಇರುವುದೇ ಅದಕ್ಕೆ. 12ರಲ್ಲಿ ಹಾಕಿದರೆ ಜಾರಿ ಮುಂದೆ ಹೋಗಿ ನಿಲ್ಲುತ್ತದೆ. ಖಾಲಿ ಅಂದುಕೊಂಡು ಹಿಂದೆ 12 ಹಾಕಿ ಹೊಡೆಯುತ್ತಾರೆ. ಬಾಳೆಹಣ್ಣಿನ ಸಿಪ್ಪೆ ಥರ ಬಿಚ್ಚಿಕೊಂಡ ಒಂದು ನಳಿಗೆ ನನ್ನ ಬೆಂಚಿನ ಮೇಲೆ ಬಂದಿತ್ತು. ಕೈ ಉಳಿದದ್ದು ಅವನ ಪುಣ್ಯ.

ಗದಗ–ಫ್ಲೋರಿಡಾ: ಇಲ್ಲಿಯ ಒಸಿಯೋಲಾ ತಳಿಯ ಟರ್ಕಿಗೆ ತೋಟಾ ಬೇರೆ ಬೇಕಾ ಸರ್?

ಹಾಸನ–ಟೆಕ್ಸಾಸ್: ಟಿಎಸ್‌ಎಸ್ ಹಾಕಿ.

ತೀರ್ಥಹಳ್ಳಿ–ಓಹಾಯೋ: ಶುರು ಆಯ್ತು. ಕಂಪನಿಯವರು ಎಷ್ಟು ಕೊಡುತ್ತಾರೆ?

ಹಾಸನ–ಟೆಕ್ಸಾಸ್: ನಿಮ್ಮ ಮಾವನವರಿಗೆ ಕೊಡುವುದಕ್ಕಿಂತ ಜಾಸ್ತಿ.

ಅಡ್ಮಿನ್: ಇನ್ನೊಂದು ಸಲ ಹೀಗಾದರೆ ಇಬ್ಬರನ್ನೂ ಒಂದು ವಾರ ಹೊರಗಿಡುತ್ತೇನೆ.

ಚಿಕ್ಕಮಗಳೂರು–ವರ್ಜೀನಿಯಾ: ಟರ್ಕಿ ಸಾರಿಗೆ ಯಾವ ಮಸಾಲೆ ಹೊಂದುತ್ತದೆ? ಊರಿನ ಕೋಳಿ ಸಾರಿನ ಥರ ಆಗುತ್ತಾ?

ಗನ್‌ಸ್ಮಿತ್: ಪೆನ್ಸಿಲ್ವೇನಿಯಾದವರೇ, ಇದ್ದೀರಾ? ನಿನ್ನೆ ಫೋಟೋ ಕೇಳಿದ್ದೆ.

ಮೈಸೂರು–ಪೆನ್ಸಿಲ್ವೇನಿಯಾ: ಇದ್ದೇನೆ ಸರ್, ಕೆಲಸ ಇತ್ತು. ನಳಿಗೆ ಇನ್ನೂ ಬಿಚ್ಚಿಲ್ಲ. ನೀವು ಹೊಡೆಯಬೇಡಿ ಅಂದದ್ದಕ್ಕೆ ತೋಟಾ ಪಕ್ಕದ ಮನೆಯವರಿಗೆ ವಾಪಸ್ ಕೊಟ್ಟೆ, ನಾಲ್ಕೂ. ಅವರು ಐದು ಕೊಟ್ಟಿದ್ದೆ ಅಂತಿದ್ದಾರೆ. ನನಗೆ ನೆನಪಿಲ್ಲ.

ಗನ್‌ಸ್ಮಿತ್: ಹಾಕಿ ನೋಡಿದೆ ಅಂದಿರಲ್ಲ, ಆ ತೋಟಾ ತೆಗೆದಿರಾ? ಈಗಲೇ ಹೋಗಿ ನೋಡಿ. ಬಾಯಿ ನೆಲದ ಕಡೆ, ಬೆರಳು ಟ್ರಿಗರಿನಿಂದ ದೂರ, ಕುದುರೆ ಮುಟ್ಟದೆ ಮೆಲ್ಲಗೆ ತೆರೆಯಿರಿ. ಮನೆಯಲ್ಲಿ ಯಾರೂ ಎದುರಿಗೆ ಇರಬಾರದು.

ಗನ್‌ಸ್ಮಿತ್: ನೋಡಿದಿರಾ?

ಮೈಸೂರು–ಪೆನ್ಸಿಲ್ವೇನಿಯಾ: ಎಡ ನಳಿಗೆಯಲ್ಲಿತ್ತು ಸರ್. ಹಾಲ್‌ನ ಸೋಫಾ ಹಿಂದೆ ಒರಗಿಸಿಟ್ಟಿದ್ದೆ. ಈಗ ತೆಗೆದೆ.

ಗನ್‌ಸ್ಮಿತ್: ತೋಟಾ ಮನೆಯಿಂದ ಆಚೆ ಕಳಿಸಿ. ಕೋವಿಗೆ ಬೀಗ ಹಾಕಿ, ಬೀಗದ ಫೋಟೋ ಹಾಕಿ. ಮುದ್ರೆಯ ಫೋಟೋ ಆಮೇಲೆ. ಇವತ್ತು ಬೇರೆ ಪ್ರಶ್ನೆಗೆ ಉತ್ತರ ಬರೆಯುವುದಿಲ್ಲ.