ಕಪ್‌ಬೋರ್ಡ್ ಬಂದದ್ದು ನಮ್ಮ ಕಪಾಟಿನಿಂದಲೇ?

ಪ್ರಶ್ನೆ (ಕೋಡಿಬಾಗ, ಕಾರವಾರ): ಶಾಲೆಯ ಗೋಡೆಪತ್ರಿಕೆಗೆ ಮನೆಬಳಕೆಯ ಇಂಗ್ಲಿಷ್ ಪದಗಳ ಮೂಲ ಬರೆಸುತ್ತಿದ್ದೇವೆ. ಕಪ್‌ಬೋರ್ಡ್ ಕಪಾಟಿನಿಂದ, ಕ್ಯಾಶ್ಯೂ ಕೊಂಕಣಿಯ ಕಾಜುವಿನಿಂದ ಬಂತು ಎಂದು ಹಾಕಬಹುದೇ? ವಿಂಡೋ, ಪ್ಯಾಂಟ್ರಿ ಬಗ್ಗೆಯೂ ತಿಳಿದವರು ಹೇಳಿ.

ಶಿರಸಿಯಿಂದ: ದಯವಿಟ್ಟು ಎರಡನ್ನೂ ಹಾಕಬೇಡಿ ಸರ್, ಮಕ್ಕಳ ತಲೆಯಲ್ಲಿ ತಪ್ಪು ಕೂತರೆ ತೆಗೆಯುವುದು ಕಷ್ಟ. ಕಪಾಟ ಸಂಸ್ಕೃತ ಪದ, ಮೂಲ ಅರ್ಥ ಬಾಗಿಲಿನ ಕದ. ಕಪ್‌ಬೋರ್ಡ್ ಇಂಗ್ಲಿಷಿನಲ್ಲೇ ಹುಟ್ಟಿದ ಜೋಡುಪದ. ಆಗ ಬೋರ್ಡ್ ಎಂದರೆ ಹಲಗೆಯೂ ಹೌದು, ಮೇಜೂ ಹೌದು. 14ನೇ ಶತಮಾನದ ಕಪ್‌ಬೋರ್ಡ್ ಬಟ್ಟಲು ಜೋಡಿಸಿಡುವ ಮೇಜು, ಅದಕ್ಕೆ ಕದವೇ ಇರಲಿಲ್ಲ! ಕದವಿರುವ ಪೆಟ್ಟಿಗೆ ಎಂಬ ಅರ್ಥ ಆಮೇಲಿನದು. ಉಚ್ಚಾರ ಹೊಂದಿದರೆ ಸಾಲದು. ಪದದ ಅತಿ ಹಳೆಯ ರೂಪ, ಆಗಿನ ಅರ್ಥ, ಬಂದ ದಾರಿ ಮೂರೂ ಕೂಡಿಬರಬೇಕು.

ಗೇರು ಬ್ರೆಜಿಲ್ ಗಿಡ. ಅಲ್ಲಿನ ತುಪಿ ಭಾಷೆಯ ಅಕಾಜು, ಪೋರ್ಚುಗೀಸರ ಬಾಯಲ್ಲಿ ಮೊದಲ ‘ಅ’ ಉದುರಿ ಕಾಜು ಆಯಿತು. ಕೊಂಕಣಿ, ಇಂಗ್ಲಿಷ್ ಎರಡಕ್ಕೂ ಪೋರ್ಚುಗೀಸೇ ಮೂಲ. ಹಾಗಾಗಿ ಕಾಜು, ಕ್ಯಾಶ್ಯೂ ಅಕ್ಕತಂಗಿಯರು, ತಾಯಿಮಗಳಲ್ಲ.

ಅಂಕೋಲೆಯಿಂದ: ವಿಂಡೋ ಹಳೆಯ ನಾರ್ಸ್ ಭಾಷೆಯ ವಿಂಡೌಗ, ಗಾಳಿಗಣ್ಣು. ನಮ್ಮ ಗವಾಕ್ಷದಲ್ಲೂ ಕಣ್ಣೇ ಇದೆ, ಅದು ಗೋವಿನ ಕಣ್ಣು. ಪದಗಳಿಗೆ ನಂಟಿಲ್ಲ, ಕಲ್ಪನೆ ಮಾತ್ರ ಒಂದೇ. ಪ್ಯಾಂಟ್ರಿ ಫ್ರೆಂಚ್ ದಾರಿಯಲ್ಲಿ ಬಂದ ರೊಟ್ಟಿ ಇಡುವ ಕೋಣೆ. ಬುಡದಲ್ಲಿರುವುದು ಲ್ಯಾಟಿನ್ನಿನ ಪಾನಿಸ್, ರೊಟ್ಟಿ. ಅದೇ ಪಾನಿಸ್ ಪೋರ್ಚುಗೀಸಿನಲ್ಲಿ ಸವೆದು ಕಾರವಾರದ ಪಾವ್ ಆಗಿದೆ. ಮಕ್ಕಳಿಗೆ ಪಾವ್ ತೋರಿಸಿಯೇ ಹೇಳಿ.

ಶಿರಸಿಯಿಂದ: ಅರಿಕಾ ನಟ್ ಮರೆಯಬೇಡಿ. ಮಲಯಾಳದ ಅಡಕ್ಕ ಪೋರ್ಚುಗೀಸರ ಕಿವಿಗೆ ಅರೆಕ ಎಂದು ಬಿತ್ತು, ನಾಲಗೆ ಮಡಚಿ ಆಡುವ ‘ಡ’ ಅವರಿಗಿಲ್ಲ. ನಮ್ಮ ಅಡಿಕೆ ಅಡಕ್ಕದ ಸೋದರ ಪದ, ಆದರೆ ಇಂಗ್ಲಿಷ್ ಪದ ಕನ್ನಡದಿಂದ ಹೋಯಿತು ಎಂದು ಬರೆಯುವಂತಿಲ್ಲ. ಟೀಕ್ ಕೂಡ ಮಲಯಾಳದಿಂದ ಅದೇ ದಾರಿಯಲ್ಲಿ ಹೋದದ್ದು.

ಕೋಡಿಬಾಗ: ಕಪಾಟಿಗೆಂದು ಬಿಟ್ಟ ಜಾಗ ಖಾಲಿ ಉಳಿಯಿತಲ್ಲ?

ಅಂಕೋಲೆಯಿಂದ: ಅಲ್ಮೈರಾ ಹಾಕಿ. ಲ್ಯಾಟಿನ್ನಿನ ಅರ್ಮಾರಿಯಂ, ಪೋರ್ಚುಗೀಸಿನ ಅರ್ಮಾರಿಯು, ನಮ್ಮಲ್ಲಿ ಅಲಮಾರು. ಭಾರತದ ಇಂಗ್ಲಿಷಿಗೆ ಅದು ಸೇರಿದ್ದೂ ಇಲ್ಲಿಂದಲೇ.